ಕೊಂಡ ಬೆಲೆಯ ಚೀಟಿ

ಕಲಬುರಗಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ನಮ್ಮ ಊರಿನ ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ದುರಸ್ತಿ ಅಂಗಡಿ ಇಟ್ಟುಕೊಂಡಿರುವ ತರುಣನೊಬ್ಬ ಕೆಲವು ತಿಂಗಳ ಹಿಂದೆ ತನ್ನ ಲೆಕ್ಕದ ಕಾಗದಗಳನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದಿದ್ದ. ಜನರಿಂದ ಹಳೆಯ ಫೋನುಗಳನ್ನು ಕೊಂಡು, ಸರಿಪಡಿಸಿ, ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವುದು ಅವನ ವ್ಯಾಪಾರ. ಜಿಎಸ್‌ಟಿ ನೋಂದಣಿ ಇತ್ತು, ತಿಂಗಳು ತಪ್ಪದೆ ತೆರಿಗೆಯನ್ನೂ ಕಟ್ಟುತ್ತಿದ್ದ. “ಕಾಕಾ, ಒಂದು ಫೋನಿಗಿ ನನಗ ಉಳಿಯೋದಕ್ಕಿಂತ ಟ್ಯಾಕ್ಸ್‌ಗಿ ಹೋಗೋದೇ ಜಾಸ್ತಿ ಆಗ್ಯಾದ್ರಿ, ಈ ಧಂದಾ ಬಿಟ್ಟುಬಿಡ್ಲೇನ್ರಿ?” ಎಂದು ಕೇಳಿದ. ಕಾಗದಗಳನ್ನು ನೋಡಿದಾಗ ಕಾರಣ ತಿಳಿಯಿತು. ಹೊಸ ಫೋನಿಗೆ ಬಿಲ್ ಮಾಡುವ ಹಾಗೆಯೇ ಹಳೆಯ ಫೋನಿಗೂ ಪೂರ್ತಿ ಬೆಲೆಯ ಮೇಲೆ ಶೇಕಡಾ 18ರಂತೆ ತೆರಿಗೆ ಲೆಕ್ಕ ಹಾಕಲಾಗಿತ್ತು. ಕಾನೂನು ಅಷ್ಟನ್ನು ಅವನಿಂದ ಕೇಳಿಯೇ ಇರಲಿಲ್ಲ.

ಹಳೆಯ ವಸ್ತುವಿನ ತೆರಿಗೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ವಸ್ತು ಹೊಸದಾಗಿದ್ದ ದಿನಕ್ಕೆ ಹೋಗಬೇಕು. ಫೋನು ಮೊದಲ ಸಲ ಅಂಗಡಿಯಿಂದ ಹೊರಬಿದ್ದಾಗಲೇ ಅದರ ಪೂರ್ತಿ ಬೆಲೆಯ ಮೇಲೆ ತೆರಿಗೆ ಸಂದಿರುತ್ತದೆ. ಕೊಂಡವರು ಮನೆಮಂದಿ, ವ್ಯಾಪಾರಿಗೆ ಸಿಗುವ ಇನ್‌ಪುಟ್ ತೆರಿಗೆ ಜಮೆ, ಎಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಅವರಿಗೆ ಸಿಗುವುದಿಲ್ಲವಾದ್ದರಿಂದ ಆ ತೆರಿಗೆ ವಸ್ತುವಿನ ಬೆಲೆಯೊಳಗೇ ಉಳಿದುಬಿಡುತ್ತದೆ. ಎರಡು ವರ್ಷ ಬಳಸಿದ ಮೇಲೆ ಅದನ್ನು ಮಾರಿದಾಗ, ಸವೆದು ಉಳಿದ ಬೆಲೆಯಲ್ಲಿ ಹಳೆಯ ತೆರಿಗೆಯ ಪಾಲೂ ಸೇರಿರುತ್ತದೆ. ಈಗ ಮತ್ತೆ ಪೂರ್ತಿ ಬೆಲೆಯ ಮೇಲೆ ತೆರಿಗೆ ಹಾಕಿದರೆ ಅದು ತೆರಿಗೆಯ ಮೇಲಿನ ತೆರಿಗೆಯಾಗುತ್ತದೆ. ಹೀಗಾಗಬಾರದೆಂದು 2017ರ ಕೇಂದ್ರ ಜಿಎಸ್‌ಟಿ ನಿಯಮಾವಳಿಯ 32ನೆಯ ನಿಯಮದ 5ನೆಯ ಉಪನಿಯಮ ಒಂದು ದಾರಿ ಮಾಡಿಕೊಟ್ಟಿದೆ. ಹಳೆಯ ವಸ್ತುಗಳನ್ನು ಕೊಂಡು ಮಾರುವ ವ್ಯಾಪಾರಿಯು ಆ ಖರೀದಿಯ ಮೇಲೆ ಇನ್‌ಪುಟ್ ಜಮೆ ಪಡೆದಿರದಿದ್ದರೆ, ವಸ್ತುವನ್ನು ಇದ್ದ ಹಾಗೆಯೇ ಅಥವಾ ಅದರ ಸ್ವರೂಪ ಬದಲಾಗದಷ್ಟು ಸಣ್ಣಪುಟ್ಟ ಕೆಲಸ ಮಾಡಿ ಮಾರಿದರೆ, ಮಾರಿದ ಬೆಲೆಗೂ ಕೊಂಡ ಬೆಲೆಗೂ ಇರುವ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಕಟ್ಟಬೇಕು. ವ್ಯಾಪಾರಿಗಳು ಇದನ್ನು ಮಾರ್ಜಿನ್ ಎನ್ನುತ್ತಾರೆ.

ಆ ತರುಣನ ಒಂದು ಫೋನಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. 6,000 ರೂಪಾಯಿಗೆ ಕೊಂಡು, ತೆರಿಗೆ ಸೇರಿಸುವ ಮೊದಲಿನ ಬೆಲೆ 8,000 ರೂಪಾಯಿ ಎಂದಿಟ್ಟಿದ್ದ. ಪೂರ್ತಿ ಬೆಲೆಯ ಮೇಲೆ ಶೇಕಡಾ 18 ಎಂದರೆ 1,440 ರೂಪಾಯಿ; ಕೊಳ್ಳುವವರು 9,440 ರೂಪಾಯಿ ಕೊಡಬೇಕು. ಆ ಬೆಲೆಗೆ ಆ ಹಳೆಯ ಫೋನನ್ನು ಯಾರೂ ಕೊಳ್ಳುವುದಿಲ್ಲ, ಆದ್ದರಿಂದ ಅವನು ತೆರಿಗೆಯನ್ನು ತನ್ನ ಗಳಿಕೆಯಿಂದಲೇ ತುಂಬುತ್ತಿದ್ದ. ಮಾರ್ಜಿನ್ ನಿಯಮದಂತೆ ವ್ಯತ್ಯಾಸ 2,000 ರೂಪಾಯಿ, ಅದರ ಮೇಲೆ ತೆರಿಗೆ 360 ರೂಪಾಯಿ. ಒಂದು ಫೋನಿಗೆ 1,080 ರೂಪಾಯಿಯ ಅಂತರ ಸಣ್ಣ ಅಂಗಡಿಯ ಪಾಲಿಗೆ ವ್ಯಾಪಾರ ನಡೆಯುವುದಕ್ಕೂ ನಿಲ್ಲುವುದಕ್ಕೂ ಇರುವ ಅಂತರ.

ಇಲ್ಲಿ ಕೆಲವು ಸೂಕ್ಷ್ಮಗಳಿವೆ. ಕೊಂಡದ್ದಕ್ಕಿಂತ ಕಡಿಮೆ ಬೆಲೆಗೆ ಮಾರಬೇಕಾಗಿ ಬಂದರೆ ಆ ಮಾರಾಟಕ್ಕೆ ತೆರಿಗೆ ಇಲ್ಲ. ಆದರೆ ಒಂದೊಂದು ಮಾರಾಟದ ಲೆಕ್ಕವೂ ಬೇರೆಯಾದ್ದರಿಂದ ಈ ಫೋನಿನ ನಷ್ಟವನ್ನು ಇನ್ನೊಂದು ಫೋನಿನ ನಫಾದಲ್ಲಿ ಕಳೆಯಲು ಬರುವುದಿಲ್ಲ. ಪರದೆ ಅಥವಾ ಬ್ಯಾಟರಿ ಬದಲಿಸಿದರೆ ಫೋನು ಫೋನಾಗಿಯೇ ಉಳಿಯುತ್ತದೆ, ಆದರೆ ಬಿಚ್ಚಿ ಬಿಡಿಭಾಗಗಳಾಗಿ ಮಾರಿದರೆ ಈ ನಿಯಮದ ಆಸರೆ ಸಿಗುವುದಿಲ್ಲ. ದುರಸ್ತಿಗೆ ಹಾಕಿದ ಖರ್ಚಿನ ವಿಷಯದಲ್ಲಿ ನನಗೊಂದು ಅಸಮಾಧಾನವಿದೆ. ನಿಯಮದ ಮಾತಿನಲ್ಲಿ ಇರುವುದು ಕೊಂಡ ಬೆಲೆ ಮತ್ತು ಮಾರಿದ ಬೆಲೆ ಎರಡೇ. ಪರದೆಗೆ ಹಾಕಿದ ಏಳುನೂರು ರೂಪಾಯಿಯ ಮಾತು ಅದರಲ್ಲಿ ಇಲ್ಲ. ಹಳೆಯ ವಸ್ತುವಿಗೆ ಮರಳಿ ಜೀವ ಕೊಡುವವನು ದುರಸ್ತಿ ಮಾಡುವವನೇ ಆಗಿರುವಾಗ, ಅವನ ಕೈಖರ್ಚನ್ನೂ ಗಳಿಕೆಯೆಂದು ಎಣಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಇದನ್ನು ತಿದ್ದಬೇಕೆಂದು ವ್ಯಾಪಾರಿಗಳ ಸಂಘಗಳು ಕೇಳಬೇಕು.

ಮನೆಯವರು ತಮ್ಮ ವಸ್ತುವನ್ನು ತಾವೇ ಮಾರುವ ವಿಚಾರಕ್ಕೆ ಬಂದರೆ, ವರ್ಗಾವಣೆಯಾದ ಶಿಕ್ಷಕರೊಬ್ಬರು ಫ್ರಿಜ್ಜನ್ನೋ, ಕಪಾಟನ್ನೋ ಆನ್‌ಲೈನಿನಲ್ಲಿ ಮಾರಿದರೆ ಅದಕ್ಕೆ ಜಿಎಸ್‌ಟಿ ಇಲ್ಲ. ವ್ಯಾಪಾರದ ಅಂಗವಾಗಿ ಮಾಡಿದ ಮಾರಾಟಕ್ಕೆ ಮಾತ್ರ ಈ ತೆರಿಗೆ. ಮನೆಯ ಹಳೆಯ ಬಂಗಾರವನ್ನು ಸರಾಫರಿಗೆ ಮಾರಿದಾಗಲೂ ಇದೇ ಮಾತು ಅನ್ವಯಿಸುತ್ತದೆಂದು ಕೇಂದ್ರ ಹಣಕಾಸು ಸಚಿವಾಲಯ 2017ರ ಜುಲೈ 13ರಂದೇ ಸ್ಪಷ್ಟಪಡಿಸಿತ್ತು. ಆದರೆ ವಾರವಾರವೂ ಸಾಮಾನು ಕೊಂಡು ಮಾರುತ್ತಾ, ಇದು ನಮ್ಮ ಮನೆಯದೇ ಎಂದು ಹೇಳಿದರೆ ನಡೆಯದು. ಮುದ್ರಿತ ಪುಸ್ತಕಗಳಿಗೆ, ಹೊಸದಿರಲಿ ಹಳೆಯದಿರಲಿ, ತೆರಿಗೆಯೇ ಇಲ್ಲ. ಸ್ಪರ್ಧಾತ್ಮಕ ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ತಮ್ಮ ಪುಸ್ತಕಗಳನ್ನು ನಿಶ್ಚಿಂತೆಯಿಂದ ಮಾರಬಹುದು.

ವಾಹನಗಳ ವಿಷಯದಲ್ಲಿ ಆದಷ್ಟು ಗೊಂದಲ ಬೇರೆಲ್ಲಿಯೂ ಆಗಲಿಲ್ಲ. 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿಯ 55ನೆಯ ಸಭೆ, ಕೆಲವು ಹಳೆಯ ವಾಹನಗಳಿಗೆ ಶೇಕಡಾ 12 ಇದ್ದ ದರವನ್ನು 18ಕ್ಕೆ ಏರಿಸಿ ಎಲ್ಲ ಹಳೆಯ ವಾಹನಗಳಿಗೂ ಒಂದೇ ದರ ಮಾಡಲು ಶಿಫಾರಸು ಮಾಡಿತು. ಅದು 2025ರ ಜನವರಿ 16ರಿಂದ ಜಾರಿಗೆ ಬಂತು. ಆಗ ನಷ್ಟಕ್ಕೆ ಕಾರು ಮಾರಿದರೂ ಆ ನಷ್ಟದ ಮೇಲೆ ತೆರಿಗೆ ಕಟ್ಟಬೇಕೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಡಿತು. ಅದು ಸುಳ್ಳು. ಈ ತೆರಿಗೆ ನೋಂದಾಯಿತ ವ್ಯಾಪಾರಿಗಳಿಗೆ ಮಾತ್ರ, ಅದೂ ವ್ಯತ್ಯಾಸದ ಹಣಕ್ಕೆ ಮಾತ್ರ. ನೌಕರರೊಬ್ಬರು ತಮ್ಮ ಸ್ವಂತದ ಕಾರನ್ನು ಮಾರಿದರೆ ಏನೂ ಕಟ್ಟಬೇಕಾಗಿಲ್ಲ. ನೋಂದಾಯಿತ ವ್ಯಾಪಾರಿಯು ಆದಾಯ ತೆರಿಗೆಯಲ್ಲಿ ಸವಕಳಿ, ಎಂದರೆ ಬಳಕೆಯಿಂದ ವರ್ಷವರ್ಷ ಇಳಿಯುವ ಬೆಲೆ, ತೋರಿಸಿದ್ದ ವಾಹನವನ್ನು ಮಾರಿದಾಗ, ಸವಕಳಿ ಕಳೆದು ಉಳಿದ ಬೆಲೆಯನ್ನು ಮಾರಿದ ಬೆಲೆಯೊಂದಿಗೆ ಹೋಲಿಸಬೇಕು. ಲೆಕ್ಕದಲ್ಲಿ 4 ಲಕ್ಷ ರೂಪಾಯಿ ಉಳಿದ ವಾಹನ ನಾಲ್ಕೂವರೆ ಲಕ್ಷಕ್ಕೆ ಹೋದರೆ 50,000 ರೂಪಾಯಿಯ ಮೇಲೆ 9,000 ರೂಪಾಯಿ ತೆರಿಗೆ, ಮೂರೂವರೆ ಲಕ್ಷಕ್ಕೆ ಹೋದರೆ ತೆರಿಗೆ ಇಲ್ಲ.

ಇನ್ನು ಆನ್‌ಲೈನ್ ಮಾರುಕಟ್ಟೆಯ ಪಾತ್ರ. ಕೆಲವು ತಾಣಗಳು ಜಾಹೀರಾತು ತೋರಿಸಿ ಸುಮ್ಮನಾಗುತ್ತವೆ, ಹಣ ಕೊಳ್ಳುವವರಿಂದ ಮಾರುವವರಿಗೆ ನೇರವಾಗಿ ಸಲ್ಲುತ್ತದೆ. ಇನ್ನು ಕೆಲವು ತಾಣಗಳಲ್ಲಿ ಹಣ ಮೊದಲು ತಾಣದ ಕೈಗೆ ಬರುತ್ತದೆ. ಎರಡನೆಯ ಬಗೆಯವು ಜಿಎಸ್‌ಟಿ ಕಾಯ್ದೆಯ 52ನೆಯ ಕಲಮಿನಂತೆ ಮಾರುವವರಿಗೆ ಕೊಡುವ ಹಣದಿಂದ ಒಂದು ಪಾಲು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮೊದಲು ಶೇಕಡಾ 1 ಇದ್ದ ಈ ದರ 2024ರ ಜುಲೈ 10ರಿಂದ ಶೇಕಡಾ ಅರ್ಧಕ್ಕೆ ಇಳಿದಿದೆ. ಹಿಡಿದ ಹಣ ಕಳೆದುಹೋಗುವುದಿಲ್ಲ, ವ್ಯಾಪಾರಿಯ ಎಲೆಕ್ಟ್ರಾನಿಕ್ ನಗದು ಖಾತೆಗೆ ಬರುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಂಡು ಬಳಸಬೇಕು. ನಮ್ಮ ತರುಣ ಇದನ್ನೂ ತನ್ನ ಖರ್ಚಿಗೆ ಬರೆದುಕೊಂಡಿದ್ದ.

ವರ್ಷದ ವಹಿವಾಟು 40 ಲಕ್ಷ ರೂಪಾಯಿ ಮೀರದ, ವಸ್ತುಗಳನ್ನಷ್ಟೇ ಮಾರುವ ಸಣ್ಣ ವ್ಯಾಪಾರಿಗೆ ನಮ್ಮ ರಾಜ್ಯದಲ್ಲಿ ನೋಂದಣಿ ಕಡ್ಡಾಯವಲ್ಲ. ಹಿಂದೆ ಇಂಥ ತಾಣಗಳ ಮೂಲಕ ಒಂದು ವಸ್ತು ಮಾರಿದರೂ ನೋಂದಣಿ ಬೇಕಾಗುತ್ತಿತ್ತು. 2023ರ ಅಕ್ಟೋಬರ್ 1ರಿಂದ ಪ್ಯಾನ್ ಕೊಟ್ಟು ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದರೆ ಸಾಕು, ತಾಣವು ಅವರ ಹಣದಿಂದ ಆ ಪಾಲನ್ನೂ ಹಿಡಿಯುವುದಿಲ್ಲ. ಆದರೆ ಇದರಲ್ಲಿ ನಮ್ಮ ಭಾಗದವರು ಎಚ್ಚರದಿಂದ ನೋಡಬೇಕಾದ ಷರತ್ತೊಂದಿದೆ: ಮಾರಾಟ ರಾಜ್ಯದೊಳಗೇ ಆಗಬೇಕು. ಬೀದರಿನವರಿಗೆ ಜಹೀರಾಬಾದ್, ಯಾದಗಿರಿಯವರಿಗೆ ನಾರಾಯಣಪೇಟೆ, ನಮಗೆಲ್ಲ ಹೈದರಾಬಾದ್ ಹೊರನಾಡೆಂದು ಎಂದೂ ಅನ್ನಿಸಿಲ್ಲ. 1956ರವರೆಗೆ ನಾವೆಲ್ಲ ಒಂದೇ ರಾಜ್ಯದಲ್ಲಿದ್ದವರು. ಬೆಂಗಳೂರಿಗಿಂತ ಹತ್ತಿರವೆಂದು ಅಲ್ಲಿಯ ಗಿರಾಕಿಗೆ ಒಂದು ಫೋನು ಕಳಿಸಿದರೂ ಅದು ಅಂತರರಾಜ್ಯ ಮಾರಾಟವಾಗಿ ಈ ರಿಯಾಯಿತಿ ತಪ್ಪುತ್ತದೆ, ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಣಿ ಬೇಕಾಗುತ್ತದೆ. ಗಡಿ ಜಿಲ್ಲೆಗಳ ಸಣ್ಣ ವ್ಯಾಪಾರಿಗೆ ಇದು ಭಾರವೇ ಸರಿ.

ಬೇರೆ ದೇಶಗಳಲ್ಲಿ ಹೇಗೆಂದು ನೋಡೋಣ. ಅಮೆರಿಕದಲ್ಲಿ, ಹೊರರಾಜ್ಯದ ಮಾರಾಟಗಾರರಿಂದಲೂ ತೆರಿಗೆ ವಸೂಲಿ ಮಾಡಿಸಬಹುದೆಂದು 2018ರ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ, ಮಾರಾಟ ತೆರಿಗೆ ಇರುವ ರಾಜ್ಯಗಳು ಅದರ ವಸೂಲಿಯನ್ನು ಆನ್‌ಲೈನ್ ಮಾರುಕಟ್ಟೆಗಳಿಗೇ ವಹಿಸಿವೆ. ಹಳೆಯ ವಸ್ತುವಾದರೂ ಸಾಮಾನ್ಯವಾಗಿ ಪೂರ್ತಿ ಬೆಲೆಯ ಮೇಲೆ ತೆರಿಗೆ ಬೀಳುತ್ತದೆ. ಯುರೋಪಿನ ಒಕ್ಕೂಟ 1994ರಲ್ಲೇ ಹಳೆಯ ವಸ್ತುಗಳಿಗೆ ಮಾರ್ಜಿನ್ ಪದ್ಧತಿ ತಂದಿತು. ನಾವು ಎರಡನೆಯ ದಾರಿಯನ್ನು ಹಿಡಿದಿದ್ದೇವೆ, ಅದು ಸರಿಯಾದ ದಾರಿಯೆಂದೇ ನನ್ನ ಅಭಿಪ್ರಾಯ.

ಆದರೆ ಈ ದಾರಿಯಲ್ಲಿ ನಡೆಯಲು ಕೊಂಡ ಬೆಲೆಗೆ ಸಾಕ್ಷಿ ಬೇಕು. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳು ಬಂದದ್ದನ್ನು ನೀವು ಮರೆತಿರಲಾರಿರಿ. ಖಾತೆಗೆ 8,000 ರೂಪಾಯಿ ಬಂದದ್ದು ಬ್ಯಾಂಕಿನ ದಾಖಲೆಯಲ್ಲಿ ಕಾಣುತ್ತದೆ. ಅದರಲ್ಲಿ 6,000 ರೂಪಾಯಿ ಮೊದಲೇ ಕೈಬಿಟ್ಟು ಹೋಗಿತ್ತೆಂಬುದನ್ನು ನೀವೇ ತೋರಿಸಬೇಕು. ಆ ತರುಣ ಹಿಂದಿನ ಫೋನುಗಳನ್ನು ನಗದು ಕೊಟ್ಟು ಕೊಂಡಿದ್ದ, ಒಂದಕ್ಕೂ ಚೀಟಿ ಇರಲಿಲ್ಲ. ಕಟ್ಟಿದ ಹೆಚ್ಚಿನ ತೆರಿಗೆಯ ವಿಷಯದಲ್ಲಿ ನಾನು ಅವನಿಗೆ ಏನೂ ಸಹಾಯ ಮಾಡಲಾಗಲಿಲ್ಲ.

ಈಗ ಅವನ ಗಲ್ಲೆಯ ಪಕ್ಕದಲ್ಲಿ ನಂಬರು ಹಾಕಿದ ಖರೀದಿ ಪುಸ್ತಕವಿದೆ. ಫೋನು ಮಾರಲು ಬಂದವರ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರ, ಒಂದೊಂದು ಫೋನಿಗೂ ಬೇರೆಯಾಗಿರುವ ಐಎಂಇಐ ಗುರುತಿನ ಸಂಖ್ಯೆ, ತಾರೀಖು, ಕೊಟ್ಟ ಬೆಲೆ ಬರೆದು ಸಹಿ ಹಾಕಿಸಿಕೊಳ್ಳುತ್ತಾನೆ. ಆದಷ್ಟು ಹಣವನ್ನು ಯುಪಿಐ ಮೂಲಕವೇ ಕೊಡುತ್ತಾನೆ. ಕೇಂದ್ರ ಸರ್ಕಾರದ ಸಂಚಾರ ಸಾಥಿ ತಾಣದಲ್ಲಿ ಆ ಐಎಂಇಐ ಹಾಕಿ, ಅದು ಕಳವಿನ ಫೋನಲ್ಲವೆಂದು ನೋಡಿದ ಮೇಲೆಯೇ ಫೋನು ಕೈಗೆ ತೆಗೆದುಕೊಳ್ಳುತ್ತಾನೆ. ಅದೇ ಫೋನು ಮಾರಾಟವಾದಾಗ ಮಾರಿದ ಬಿಲ್ಲಿನ ನಂಬರನ್ನು ಅದೇ ಸಾಲಿನ ಕೊನೆಗೆ ಬರೆದಿಡುತ್ತಾನೆ. ವರ್ಷದ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಈ ಪುಸ್ತಕವನ್ನು ಕಾಯ್ದಿಡಬೇಕೆಂದು ಕಾಯ್ದೆ ಹೇಳುತ್ತದೆಯಾದ್ದರಿಂದ, ತುಂಬಿದ ಪುಸ್ತಕಗಳನ್ನು ಮನೆಗೆ ಒಯ್ದು ತಾಯಿಯ ಟ್ರಂಕಿನಲ್ಲಿ ಇಡುತ್ತಿದ್ದಾನೆ.

ನಮಸ್ಕಾರ.