ಬಾಗಿಲ ಮೇಲೆ ತಗಡಿನ ಟಿಕೆಟ್

ನಮಸ್ಕಾರ ಕೇಳುಗರೇ. ವಿಕ್ಟೋರಿಯಾ ರಾಣಿ ಕಾಲದ ಬ್ರಿಟನ್ ಅಂದ್ರೆ ನಮಗೆ ಅರಮನೆ, ಕುದುರೆಗಾಡಿ, ಉದ್ದನೆ ಟೋಪಿ ಇಷ್ಟೇ ಕಣ್ಮುಂದೆ ಬರೋದು. ಅದನ್ನೆಲ್ಲ ಪಕ್ಕಕ್ಕಿಡಿ, ಇವತ್ತು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿಗೆ ಹೋಗೋಣ. ಗಿರಣಿ, ಹಡಗುಕಟ್ಟೆ ಅಂತ ಕೆಲಸ ಹುಡುಕ್ಕೊಂಡು ಐರ್ಲೆಂಡಿಂದ, ಸ್ಕಾಟ್ಲೆಂಡಿನ ಬೆಟ್ಟದ ಊರುಗಳಿಂದ ಜನ ಬರ್ತಾನೇ ಇದ್ರು, ಮನೆ ಮಾತ್ರ ಇರಲಿಲ್ಲ. ಒಂದೇ ರೂಮು. ಗೋಡೆಯೊಳಗೆ ಕಪಾಟಿನ ಥರ ಹಾಸಿಗೆ, ಒಲೆ ಅಲ್ಲೇ, ಒದ್ದೆ ಬಟ್ಟೆ ಅಲ್ಲೇ, ಹೆರಿಗೆ ಅಲ್ಲೇ, ಯಾರಾದ್ರೂ ಸತ್ರೆ ಹೆಣ ಇಡೋದೂ ಅಲ್ಲೇ. ಇದ್ರ ಮೇಲೆ ಒಬ್ಬ ಲಾಡ್ಜರ್ ಬೇರೆ, ಅಂದ್ರೆ ದುಡ್ಡು ಕೊಟ್ಟು ಅದೇ ರೂಮಲ್ಲಿ ಮಲಗೋ ಹೊರಗಿನವನು! ಯಾಕೆ? ಬಾಡಿಗೆ ಸ್ವಾಮಿ, ಬಾಡಿಗೆ. ಅವನು ಕೊಡೋ ನಾಲ್ಕು ಕಾಸು ಸೇರಿದ್ರೇನೇ ವಾರದ ಬಾಡಿಗೆ ಹುಟ್ತಿತ್ತು.

ಸರ್ಕಾರ ಏನ್ಮಾಡ್ತು ಕೇಳಿ. 1862ರಲ್ಲಿ ಒಂದು ಕಾನೂನು ಬಂತು, ಸಣ್ಣ ಮನೆಗಳನ್ನ ಅಳೆದು ಬಾಗಿಲಿಗೆ ತಗಡಿನ ಟಿಕೆಟ್ ಹೊಡೆದ್ರು, ಒಳಗೆ ಇಷ್ಟೇ ಜನ ಮಲಗಬೇಕು ಅಂತ. ದೊಡ್ಡೋರಿಗೆ ತಲೆಗೆ 300 ಘನ ಅಡಿ, ಎಂಟು ವರ್ಷದೊಳಗಿನ ಮಗು ಅಂದ್ರೆ ಅರ್ಧ ಲೆಕ್ಕ. 10 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ರೂಮಿಗೆ ದೊಡ್ಡೋರಾದ್ರೆ ಮೂರೇ ಜನ. ಗಂಡ, ಹೆಂಡ್ತಿ, ಎರಡು ಪುಟಾಣಿ, ಮುಗೀತು, ಲಾಡ್ಜರ್ ಬಂದ ಅಂದ್ರೆ ಅಪರಾಧ! ಮಧ್ಯರಾತ್ರಿ ಇನ್ಸ್‌ಪೆಕ್ಟರು ಲಾಟೀನು ಹಿಡ್ಕೊಂಡು ಬಾಗಿಲು ಬಡಿಯೋರು, ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದ್ದೇ ತಡ ಒಬ್ಬ ಮಂಚದ ಕೆಳಗೆ, ಒಬ್ಬ ಕಪಾಟಿನೊಳಗೆ, ಇನ್ನೊಬ್ಬ ಆ ಚಳೀಲಿ ಚಾವಣಿ ಮೇಲೆ! ಹಗಲೆಲ್ಲ ದುಡಿದು ಬಂದ ಮನುಷ್ಯ ಕಣ್ರೀ, ಕಳ್ಳ ಅಲ್ಲ. ಸಿಕ್ಕಿಬಿದ್ರೆ ಕೋರ್ಟು, ದಂಡ. ದಂಡ ಕಟ್ಟೋಕೆ ದುಡ್ಡೆಲ್ಲಿಂದ? ಮತ್ತೆ ಲಾಡ್ಜರ್ ಇಟ್ಕೋಬೇಕು!

ಗಲೀಜು ಜನ, ಅದಕ್ಕೇ ಹಂಗಿದ್ರು ಅಂತ ಹೇಳೋರನ್ನ ಕಂಡ್ರೆ ನಂಗೆ ಸ್ವಲ್ಪ ಕೋಪ ಬರುತ್ತೆ, ಕ್ಷಮಿಸಿ. ಕಾರಣ ಬಾಡಿಗೆ ಅಂದ್ನಲ್ಲ.

ಅಯ್ಯೋ, ಟೈಮ್ ಆಯ್ತು ಅಂತ ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ. ಬೇಗ ಹೇಳ್ಬಿಡ್ತೀನಿ. ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ರಸೆಲ್ 1888ರಲ್ಲಿ ಲೆಕ್ಕ ಕೊಟ್ರು, ಊರಿನ ಶೇಕಡಾ 25 ಜನ ಒಂದೇ ರೂಮಿನ ಮನೇಲಿ, ಅಂಥ ಮನೆಗಳಲ್ಲಿ ಶೇಕಡಾ 14ರಲ್ಲಿ ಲಾಡ್ಜರುಗಳು. ಅದಕ್ಕೂ ಮುಂಚೆ 1866ರಲ್ಲೇ ಹಳೇ ಓಣಿಗಳನ್ನ ಕೆಡವೋ ಕಾನೂನು ಬಂದಿತ್ತು. ಕೆಡವೋ ಮುಂಚೆ ಥಾಮಸ್ ಅನ್ನನ್ ಅನ್ನೋರು ಆ ಓಣಿಗಳ ಫೋಟೋ ತೆಗೆದಿಟ್ಟಿದ್ದಾರೆ, ನೆಟ್ಟಲ್ಲಿ ಸಿಗುತ್ತೆ, ಖಂಡಿತ ನೋಡಿ. ಮನೆ ಕೆಡವಿದ್ರು ಸರಿ, ಅಲ್ಲಿದ್ದ ಜನ ಎಲ್ಲಿಗೆ ಹೋಗ್ಬೇಕು? ಪಕ್ಕದ ಬೀದಿಗೇ ನುಗ್ಗಿದ್ರು. ಅಲ್ಲೂ ಅದೇ ಬಾಡಿಗೆ. ಬರ್ತೀನಿ, ನಮಸ್ಕಾರ.