ಗಡ್ಡೆಯ ಅಂಚಿನಲ್ಲಿ ಎಲ್ಲಿ ನಿಲ್ಲಬೇಕು

ಕೇಳುಗರಿಗೆ ನಮಸ್ಕಾರ.

ಮೆದುಳಿನಲ್ಲಿ ಗಡ್ಡೆಯಿದೆ ಎಂದು ತಿಳಿದೊಡನೆ ಮನೆಯವರು ಶಸ್ತ್ರವೈದ್ಯರನ್ನು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಪೂರ್ತಿ ತೆಗೆದುಬಿಡುತ್ತೀರಾ?" ಪ್ರಶ್ನೆ ಸಹಜವಾದದ್ದೇ. ಆದರೆ ಸ್ತನದಲ್ಲೋ ಕರುಳಿನಲ್ಲೋ ಬೆಳೆದ ಗಡ್ಡೆಯನ್ನು ಸುತ್ತಲಿನ ಒಂದಿಷ್ಟು ಆರೋಗ್ಯವಂತ ಭಾಗದ ಸಮೇತ ತೆಗೆಯುವಂತೆ ಮೆದುಳಿನಲ್ಲಿ ತೆಗೆಯಲು ಬರುವುದಿಲ್ಲ. ಇಲ್ಲಿ ಅಂಚಿನ ಒಂದು ಸೆಂಟಿಮೀಟರಿನಲ್ಲಿ ರೋಗಿಯ ಮಾತಿರಬಹುದು, ಬಲಗೈಯ ಹಿಡಿತವಿರಬಹುದು. ಅದರಲ್ಲಿಯೂ ಗ್ಲಯೋಮಾ ಎಂಬ ಬಗೆಯ ಗಡ್ಡೆಗೆ ಸ್ಪಷ್ಟವಾದ ಗಡಿಯೇ ಇರುವುದಿಲ್ಲ. ಅದರ ಕೋಶಗಳು ಕೆಲಸ ಮಾಡುತ್ತಿರುವ ನರತಂತುಗಳ ನಡುವೆಯೇ ಹರಡಿಕೊಂಡಿರುತ್ತವೆ.

ಹೆಚ್ಚು ತೆಗೆದಷ್ಟೂ ಆಯುಷ್ಯ ಹೆಚ್ಚುವ ಸಾಧ್ಯತೆಯಿದೆ ಎಂಬುದು ನಿಜ. ಆದರೆ ಶಸ್ತ್ರಚಿಕಿತ್ಸೆಯಿಂದಲೇ ಹೊಸದಾಗಿ ಕೈಕಾಲಿನ ಸ್ವಾಧೀನ ಅಥವಾ ಮಾತು ಹೋದರೆ, ಮುಂದಿನ ವಿಕಿರಣ ಚಿಕಿತ್ಸೆ ಮತ್ತು ಕೀಮೋಥೆರಪಿಯನ್ನು ತಾಳಿಕೊಳ್ಳುವ ಬಲ ಕುಂದಿ, ಗಳಿಸಿದ ಆಯುಷ್ಯವೂ ಕೈಜಾರಬಹುದು. ಹಾಗಾಗಿ ಎಲ್ಲಿ ನಿಲ್ಲಬೇಕು ಎಂಬುದನ್ನು ರೋಗಿಯೊಡನೆ ಕುಳಿತು ಮೊದಲೇ ಮಾತನಾಡಿಕೊಳ್ಳಬೇಕು. ಅದು ಚಿಕಿತ್ಸೆಯದೇ ಭಾಗ ಎಂಬುದು ನನ್ನ ಅಭಿಪ್ರಾಯ. ರೋಗಿ ಪಿಟೀಲು ನುಡಿಸುವವರೇ, ಲೆಕ್ಕ ಬರೆಯುವವರೇ, ಎರಡು ಭಾಷೆಗಳಲ್ಲಿ ಪಾಠ ಹೇಳುವವರೇ ಎಂಬ ವಿಚಾರಣೆ ಬರಿಯ ಕುಶಲೋಪರಿಯಲ್ಲ.

ಈ ಉತ್ತರಗಳು ನೇರವಾಗಿ ಉಪಯೋಗಕ್ಕೆ ಬರುವುದು ರೋಗಿಯನ್ನು ಎಚ್ಚರವಾಗಿಟ್ಟು ನಡೆಸುವ ಶಸ್ತ್ರಚಿಕಿತ್ಸೆಯಲ್ಲಿ. ಕೇಳಲು ಭಯಾನಕವೆನಿಸಿದರೂ ಮೆದುಳಿಗೆ ಸ್ವತಃ ನೋವಿನ ಅರಿವಿಲ್ಲ. ನೋಯುವ ನೆತ್ತಿಯ ಚರ್ಮಕ್ಕೆ ಮರಗಟ್ಟಿಸುವ ಮದ್ದು ಕೊಟ್ಟಿರುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೆದುಳಿನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಕಳೆದ ಶತಮಾನದ ಮೊದಲರ್ಧದಲ್ಲೇ ಮೂರ್ಛೆರೋಗಿಗಳಲ್ಲಿ ಈ ಕ್ರಮವನ್ನು ಬಳಸಿ, ಮೆದುಳಿನ ಯಾವ ಜಾಗ ಯಾವ ಕೆಲಸ ಮಾಡುತ್ತದೆ ಎಂಬುದರ ನಕ್ಷೆ ತಯಾರಿಸಿದ್ದರು. ಇಂದು ಶಸ್ತ್ರವೈದ್ಯರು ಮೆದುಳಿನ ಮೇಲ್ಮೈಗೆ ಕೆಲವೇ ಮಿಲಿಆಂಪಿಯರ್ ವಿದ್ಯುತ್ತನ್ನು ಮುಟ್ಟಿಸಿ ಆ ಜಾಗದ ಕೆಲಸವನ್ನು ಕ್ಷಣಕಾಲ ತಡೆಯುತ್ತಿರುವಾಗ, ಪಕ್ಕದಲ್ಲಿರುವ ತಜ್ಞರು ರೋಗಿಗೆ ಒಂದೊಂದೇ ಚಿತ್ರ ತೋರಿಸುತ್ತಾರೆ. "ಇದು ಕುದುರೆ", "ಇದು ಕತ್ತರಿ" ಎಂದು ಪೂರ್ಣ ವಾಕ್ಯದಲ್ಲಿಯೇ ಹೇಳಿಸುವುದಕ್ಕೆ ಕಾರಣವಿದೆ. "ಇದು" ಎಂದು ಹೇಳಿ ಹೆಸರು ಸಿಗದೆ ತಡವರಿಸಿದರೆ ಅದು ಪದಗಳನ್ನು ಹುಡುಕಿಕೊಡುವ ಜಾಗ. "ಇದು" ಎಂಬುದೇ ಹೊರಡದಿದ್ದರೆ ಅದು ಉಚ್ಚಾರಣೆಗೇ ಬೇಕಾದ ಜಾಗ. ಆ ಬಿಂದುವಿನ ಮೇಲೆ ಅಂಕಿ ಬರೆದ ಸಣ್ಣ ಚೀಟಿಯನ್ನಿಟ್ಟು, ಉಪಕರಣವನ್ನು ಅತ್ತ ಒಯ್ಯದೆ ಮುಂದುವರಿಯುತ್ತಾರೆ. ಎರಡು ಭಾಷೆ ಬಲ್ಲವರನ್ನು ಎರಡರಲ್ಲಿಯೂ ಪರೀಕ್ಷಿಸಬೇಕು, ಏಕೆಂದರೆ ಒಂದಕ್ಕೆ ಅಡ್ಡಿಯಾದ ಬಿಂದು ಇನ್ನೊಂದಕ್ಕೆ ಅಡ್ಡಿಯಾಗದಿರಬಹುದು.

ಎಲ್ಲರಿಗೂ ಇದು ಬೇಕಿಲ್ಲ. ಮೆದುಳಿನ ಹೊದಿಕೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಬಹುಪಾಲು ನಿಧಾನವಾಗಿ ಬೆಳೆಯುವಂಥದ್ದು. ಅದು ಮುಖ್ಯ ನರಕ್ಕೋ ರಕ್ತನಾಳಕ್ಕೋ ಅಂಟಿದ್ದರೆ ಒಂದು ಚೂರನ್ನು ಅಲ್ಲಿಯೇ ಬಿಟ್ಟು, ಎಂಆರ್‌ಐ ಮೂಲಕ ಗಮನಿಸುತ್ತ, ಬೆಳೆದರೆ ನಿಖರವಾದ ವಿಕಿರಣ ಕೊಡುವುದುಂಟು. ಹೀಗೆ ಬಿಟ್ಟದ್ದನ್ನು ವೈದ್ಯರ ಸೋಲೆಂದು ಎಣಿಸಬೇಕಾಗಿಲ್ಲ.

ಮನೆಗೆ ಬಂದ ಮೇಲೆ ಕಾಡುವ ತೊಂದರೆಗಳು ಸ್ಕ್ಯಾನಿನಲ್ಲಿ ಕಾಣುವಂಥವಲ್ಲ. ರೋಗಿ ನಡೆಯುತ್ತಾರೆ, ಮಾತನಾಡುತ್ತಾರೆ. ಆದರೆ ಇಬ್ಬರು ಒಟ್ಟಿಗೆ ಮಾತನಾಡಿದರೆ ಗೊಂದಲಗೊಳ್ಳುತ್ತಾರೆ, ಒಂದು ಸ್ನಾನಕ್ಕೇ ಸುಸ್ತಾಗುತ್ತಾರೆ, ಸಣ್ಣ ಮಾತಿಗೆ ಸಿಡುಕುತ್ತಾರೆ. ಇದನ್ನು ಸೋಮಾರಿತನವೆಂದೋ ಹಟವೆಂದೋ ತಿಳಿಯುವ ಮನೆಗಳು ಕಡಿಮೆಯಿಲ್ಲ. ಬಾವು ಇಳಿಸುವ ಡೆಕ್ಸಾಮೆಥಸೋನ್ ನಿದ್ದೆ ಕೆಡಿಸಬಹುದು, ಸಕ್ಕರೆಯ ಮಟ್ಟ ಏರಿಸಬಹುದು. ಮೂರ್ಛೆ ತಡೆಯುವ ಲೆವೆಟಿರಾಸೆಟಮ್‌ನಿಂದ ಸಿಡುಕುತನ ಬರಬಹುದು. ಹೀಗಾದಾಗ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನೋ ಔಷಧಿಯನ್ನೋ ಬದಲಿಸಲು ದಾರಿಯಿದೆ. ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಮಾತ್ರ ಅಪಾಯ.

ನೆನಪು, ಗಮನ ಮತ್ತು ಮಾತಿನ ಪರೀಕ್ಷೆಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾಡಿಸಿಟ್ಟಿದ್ದರೆ, ಕೆಲವು ತಿಂಗಳ ನಂತರ ಅದೇ ಪರೀಕ್ಷೆಗಳನ್ನು ಮತ್ತೆ ಮಾಡಿ ಹೋಲಿಸಬಹುದು. ಕುಂದಿದ್ದು ಯಾವುದು, ಮೊದಲಿನಿಂದಲೂ ಹಾಗೆಯೇ ಇದ್ದದ್ದು ಯಾವುದು ಎಂದು ಆಗ ತಿಳಿಯುತ್ತದೆ. ಕೆಲಸಕ್ಕೆ ಮರಳುವುದು ಅರ್ಧ ದಿನವೋ ಪೂರ್ಣ ದಿನವೋ ಎಂಬ ತೀರ್ಮಾನಕ್ಕೂ ಆ ವರದಿ ನೆರವಾಗುತ್ತದೆ. ವಾಹನ ಚಾಲನೆಯ ವಿಷಯದಲ್ಲಿ, ಮೂರ್ಛೆ ಬಂದಿದ್ದವರು ವೈದ್ಯರ ಒಪ್ಪಿಗೆ ದೊರೆಯುವವರೆಗೆ ಕಾಯಲೇಬೇಕು.

ನಮಸ್ಕಾರ.