ಫೋಟೋ ತೆಗೆದ ಮೇಲೆ ಯಾರು ಬರ್ತೀರಿ?

ಎಲ್ಲರಿಗೂ ನಮಸ್ಕಾರ. ಹಾರ, ಶಾಲು ಬೇಡ ಅಂತ ಮೊದಲೇ ಹೇಳಿದ್ದೆ, ಆದರೂ ತಂದಿದ್ದೀರಿ. ಇರಲಿ, ಆ ಶಾಲನ್ನು ಮಡಿಸಿ ಇಟ್ಟುಕೊಳ್ಳಿ. ಮುಂದಿನ ಸಭೆಗೆ ಬರುವವರಿಗೆ ಆಗುತ್ತೆ.

ನಾನು ಭಾಷಣಕಾರ ಅಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವವನು. ಈ ಜುಲೈ 1ರಿಂದ ನಮ್ಮೂರಿನ ರೋಟರಿ ಕ್ಲಬ್ಬಿನ ಕಾರ್ಯದರ್ಶಿ ಕೆಲಸ ತಲೆ ಮೇಲೆ ಬಿದ್ದಿದೆ. ಈ ವರ್ಷ ಏನೇನು ಮಾಡುತ್ತೀರಿ, ನಮ್ಮ ಹುಡುಗರು ಏನು ಮಾಡಬಹುದು ಅಂತ ನಿಮ್ಮ ಪ್ರಿನ್ಸಿಪಾಲರು ಕೇಳಿದರು. ಅದನ್ನೇ ಹೇಳೋಕೆ ಬಂದೆ.

ರೋಟರಿ ಅನ್ನೋ ಹೆಸರು ಯಾಕೆ ಬಂತು ಗೊತ್ತಾ? 1905ರ ಫೆಬ್ರವರಿಯಲ್ಲಿ ಶಿಕಾಗೋದ ವಕೀಲ ಪಾಲ್ ಹ್ಯಾರಿಸ್ ಮೂವರು ಗೆಳೆಯರನ್ನು ಸೇರಿಸಿಕೊಂಡು ಇದನ್ನು ಶುರುಮಾಡಿದರು. ಒಂದು ಸಲ ಒಬ್ಬರ ಆಫೀಸಿನಲ್ಲಿ ಸಭೆ, ಮುಂದಿನ ಸಲ ಇನ್ನೊಬ್ಬರ ಆಫೀಸಿನಲ್ಲಿ. ಹೀಗೆ ಸರದಿ ಮೇಲೆ ಸುತ್ತುತ್ತಿದ್ದರು, ಅದಕ್ಕೇ ರೋಟರಿ. ಇವತ್ತಿಗೂ ನಮ್ಮಲ್ಲಿ ಸುತ್ತೋದು ನಿಂತಿಲ್ಲ. ಪ್ರತಿ ಜುಲೈ 1ಕ್ಕೆ ಅಧ್ಯಕ್ಷರು ಬದಲಾಗುತ್ತಾರೆ. ಒಳ್ಳೆಯದೇ, ಕುರ್ಚಿಗೆ ಯಾರೂ ಅಂಟಿಕೊಳ್ಳೋದಿಲ್ಲ. ಆದರೆ ಇದರಲ್ಲೇ ಒಂದು ಕಾಯಿಲೆಯೂ ಇದೆ. ಹೊಸ ಅಧ್ಯಕ್ಷರಿಗೆ ಹೊಸ ಕಾರ್ಯಕ್ರಮ ಬೇಕು. ಹಳೇ ಅಧ್ಯಕ್ಷರು ನೆಟ್ಟ ಗಿಡಕ್ಕೆ ನೀರು ಹಾಕಿದರೆ ಅದನ್ನು ಯಾರ ಲೆಕ್ಕಕ್ಕೆ ಬರೆಯೋದು ಹೇಳಿ?

ಸುಮ್ನೆ ಹೇಳುತ್ತಿಲ್ಲ. ಕೆರೆ ಕಡೆ ಹೋಗುವ ರಸ್ತೆಯಲ್ಲಿ ಒಂದು ಸಲ ಎರಡೂ ಬದಿಗೆ ಹೊಂಗೆ, ಬೇವು, ನೇರಳೆ ನೆಟ್ಟೆವು. ಬ್ಯಾನರ್ ಕಟ್ಟಿದ್ದೆವು. ಒಂದು ಸಸಿಗೆ ಹನ್ನೆರಡು ಕೈ ಹಿಡಿದ ಫೋಟೋ ಪೇಪರಿನಲ್ಲೂ ಬಂತು, ಅದರಲ್ಲಿ ನನ್ನದೂ ಒಂದು ಕೈ. ಮಾರ್ಚಿನಲ್ಲಿ ಆ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ನೋಡಿದೆ. ಕಡ್ಡಿ ಕಡ್ಡಿ ನಿಂತಿದ್ದವು. ಒಂದನ್ನು ಹಿಡಿದು ಎಳೆದೆ, ಕೈಗೇ ಬಂತು. ಬೇರಿನ ಸುತ್ತ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರು ಹಾಗೇ ಇತ್ತು! ಫೋಟೋದ ಗಡಿಬಿಡಿಯಲ್ಲಿ ಯಾರೋ ಕವರ್ ಸಮೇತ ಹೂತಿದ್ದರು. ಅದು ನಾನೇ ನೆಟ್ಟದ್ದಿರಬಹುದು, ಯಾರಿಗೆ ಗೊತ್ತು.

ಅದಕ್ಕೆ ಈ ಸಲ ಬರೀ ನಲವತ್ತು ಗಿಡ. ಬ್ಯಾನರ್ ಇಲ್ಲ. ಆ ರಸ್ತೆಯಲ್ಲಿ ಯಾರ ಮನೆಯೋ ಅಂಗಡಿಯೋ ಇದೆಯೋ ಅವರ ಹೆಸರಿಗೆ ಒಂದೊಂದು. ಮಳೆಗಾಲದಲ್ಲಿ ಗಿಡ ತಾನೇ ನೋಡಿಕೊಳ್ಳುತ್ತೆ. ಕಷ್ಟ ಇರೋದು ಜನವರಿಯಿಂದ ಮೇ ತನಕ. ಬುಡಕ್ಕೆ ಕಾಯಿ ಸುಲಿದ ಮಟ್ಟೆ ಸುತ್ತ ಜೋಡಿಸಿದರೆ ತೇವ ನಿಲ್ಲುತ್ತೆ. ನಮ್ಮದು ತೆಂಗಿನ ಸೀಮೆ, ಮಟ್ಟೆಗೇನು ಬರ ಇಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಟ್ಯಾಂಕರ್ ಹೊರಡುತ್ತೆ. ಪೈಪ್ ಹಿಡಿಯೋಕೆ ಇಬ್ಬರು ಸಾಕು, ಆದರೆ ಪ್ರತಿ ಭಾನುವಾರ ಇಬ್ಬರು ಬೇಕು.

ಈಗ ರಕ್ತದಾನಕ್ಕೆ ಬರುತ್ತೇನೆ. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಆವತ್ತು ಊರೂರಲ್ಲೂ ಶಿಬಿರ. ನಾವೂ ಇಷ್ಟು ವರ್ಷ ಅದನ್ನೇ ಮಾಡಿದೆವು, ಒಂದೇ ದಿನ ದೊಡ್ಡದಾಗಿ. ಆದರೆ ರಕ್ತವನ್ನು ಅಕ್ಕಿ ಹಾಗೆ ಮೂಟೆ ಕಟ್ಟಿ ಇಡೋಕೆ ಆಗಲ್ಲ. ಕೆಂಪು ರಕ್ತಕಣ ಫ್ರಿಜ್ಜಿನಲ್ಲಿ 35ರಿಂದ 42 ದಿನ ಇರುತ್ತೆ, ಅಷ್ಟೇ. ಡೆಂಗ್ಯೂ ರೋಗಿಗೆ ಕೆಲವೊಮ್ಮೆ ಬೇಕಾಗುವ ಪ್ಲೇಟ್‌ಲೆಟ್ ಐದೇ ದಿನ. ಅಕ್ಟೋಬರಿನಲ್ಲಿ ಕೊಟ್ಟ ರಕ್ತ ಏಪ್ರಿಲ್‌ನಲ್ಲಿ ಹೆರಿಗೆಗೆ ಬಂದವಳಿಗೆ ಸಿಗೋದಿಲ್ಲ. ಏಪ್ರಿಲ್, ಮೇ ಬಂದರೆ ಕಾಲೇಜಿಗೆ ರಜೆ, ನೀವೆಲ್ಲ ಊರಿಗೆ ಹೋಗಿರುತ್ತೀರಿ, ರಕ್ತನಿಧಿಯವರು ಫೋನ್ ಹಿಡಿದು ಕೂತಿರುತ್ತಾರೆ. ಹಾಗಾಗಿ ಈ ವರ್ಷ ನಾಲ್ಕು ಸಣ್ಣ ಶಿಬಿರ. ಕೊನೆಯದು ಬೇಸಿಗೆ ರಜೆಯಲ್ಲೇ.

ಯಾರು ಕೊಡಬಹುದು? 18 ವರ್ಷ ತುಂಬಿರಬೇಕು, ತೂಕ 45 ಕೆ.ಜಿ.ಗೆ ಕಮ್ಮಿ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಮಾತ್ರ ಬರಬೇಡಿ.

ಒಂದು ಶಿಬಿರದಲ್ಲಿ ನೋಡಿದ್ದು ಹೇಳುತ್ತೇನೆ. ಹಿಮೋಗ್ಲೋಬಿನ್ ಸಾಕಷ್ಟಿದೆಯಾ ನೋಡೋಕೆ ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿನ ಲೋಟಕ್ಕೆ ಬಿಡುತ್ತಾರೆ. ಅದು ಮೈಲುತುತ್ತದ ನೀರು. ಹನಿ ಬೇಗ ಮುಳುಗಿದರೆ ಸೈ, ತೇಲಿದರೆ ಇಲ್ಲ. ಒಬ್ಬ ಹುಡುಗಿ ಬಂದಳು, ತುಂಬಾ ಉತ್ಸಾಹ. ಹನಿ ಒಂದು ಕ್ಷಣ ನಡುವೆ ನಿಂತಿತು, ಆಮೇಲೆ ಮೇಲಕ್ಕೇ ಎದ್ದಿತು. ಹಿಂದೆ ಇದ್ದ ಗೆಳತಿಯರಲ್ಲೂ ಇಬ್ಬರದು ತೇಲಿತು. ಅವಳ ಕಣ್ಣಲ್ಲಿ ನೀರು. ನಾವೇನು ಮಾಡಿದೆವು? ಜ್ಯೂಸ್ ಕೊಟ್ಟು ಕಳಿಸಿದೆವು! ಅವಳಿಗೆ ರಕ್ತ ಕಮ್ಮಿ ಇದೆ ಅನ್ನೋದು ನಮಗೆ ಗೊತ್ತಾಯ್ತು, ಆದರೆ ಮುಂದೆ ವಿಚಾರಿಸಲೇ ಇಲ್ಲ. ಈ ವರ್ಷ ಹಾಗೆ ವಾಪಸ್ ಹೋದವರ ಹೆಸರು ಬೇರೆ ಬರೆದುಕೊಳ್ಳುತ್ತೇವೆ. ಡಾಕ್ಟರ ಹತ್ತಿರ ತೋರಿಸಿ, ಕಬ್ಬಿಣಾಂಶದ ಮಾತ್ರೆ ಕೊಡಿಸಿ, ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ನನ್ನ ಪ್ರಕಾರ ಶಿಬಿರದಲ್ಲಿ ಸಿಗುವ ರಕ್ತಕ್ಕಿಂತ ಇದೇ ದೊಡ್ಡ ಕೆಲಸ. ಫೋನ್ ಮಾಡಿ ನೆನಪಿಸೋಕೆ ಹೆಣ್ಣುಮಕ್ಕಳು ಯಾರಾದರೂ ಮುಂದೆ ಬಂದರೆ ಒಳ್ಳೆಯದು. ನಾನು ಫೋನ್ ಮಾಡಿ ಮಾತ್ರೆ ತಗೊಂಡೆಯೇನಮ್ಮ ಅಂದರೆ ಅವರ ಮನೆಯವರು ನನ್ನ ಅಂಗಡಿಗೇ ಬಂದುಬಿಡುತ್ತಾರೆ.

ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನೇತ್ರದಾನ ಪಾಕ್ಷಿಕ. ಈ ವಿಷಯದಲ್ಲಿ ಕನ್ನಡದವರಿಗೆ ಜಾಸ್ತಿ ವಿವರಿಸಬೇಕಿಲ್ಲ. 2006ರಲ್ಲಿ ಅಣ್ಣಾವ್ರು ಕಣ್ಣು ಕೊಟ್ಟು ಹೋದರು. 2021ರಲ್ಲಿ ಅಪ್ಪು ಅವರ ಎರಡು ಕಣ್ಣಿನ ಕಾರ್ನಿಯಾಗಳ, ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಭಾಗದ, ಪದರ ಬಿಡಿಸಿ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ಎಷ್ಟೋ ಜನ ಅರ್ಜಿ ತುಂಬಿದ್ದಾರೆ, ಪರ್ಸಿನಲ್ಲಿ ಕಾರ್ಡೂ ಇದೆ. ಆದರೆ ಸತ್ತವರು ಎದ್ದು ಫೋನ್ ಮಾಡೋಕಾಗುತ್ತಾ? ಮನೆಯವರೇ ಮಾಡಬೇಕು, ಅದೂ ಆರು ಗಂಟೆಯೊಳಗೆ. ಆ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತೆ? ಅದಕ್ಕೆ ವಾರ್ಡಿಗೆ ಇಬ್ಬರು ಬೇಕು. ಸಾವಿನ ಮನೆಗೆ ಹೋಗಿ, ಮೊದಲು ಸುಮ್ಮನೆ ಕೂತು, ಆಮೇಲೆ ಮೆಲ್ಲಗೆ ಕೇಳುವಂಥವರು. ಫ್ಯಾನ್ ಆರಿಸಬೇಕು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಗೆ ದಿಂಬು ಕೊಡಬೇಕು. ನೇತ್ರನಿಧಿಯವರು ಮನೆಗೇ ಬರುತ್ತಾರೆ, ಇಪ್ಪತ್ತು ನಿಮಿಷದ ಕೆಲಸ. ಮುಖ ಕೆಡೋದಿಲ್ಲ. ಕನ್ನಡಕ ಹಾಕಿದವರು, ಸಕ್ಕರೆ ಕಾಯಿಲೆಯವರು, ಪೊರೆ ಆಪರೇಷನ್ ಆದವರದೂ ಆಗುತ್ತೆ. ಬೇಡ ಅಂದರೆ ಕೈಮುಗಿದು ಬನ್ನಿ, ಎರಡನೇ ಸಲ ಕೇಳಬೇಡಿ.

ಮನೆಮನೆಗೆ ಹೋದರೆ ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ಪೋಲಿಯೊ ಕಡೆ ಕೈ ತೋರಿಸುತ್ತೇನೆ. ರೋಟರಿ 1985ರಲ್ಲಿ ಆ ಕೆಲಸ ಹಿಡಿಯಿತು. ಸರ್ಕಾರ, ಆರೋಗ್ಯ ಇಲಾಖೆ, ಅಂಗನವಾಡಿಯವರು ಎಲ್ಲರೂ ಸೇರಿ ಎಳೆದರು. ದೇಶದಲ್ಲಿ ಕೊನೆಯ ಕೇಸು ಸಿಕ್ಕಿದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ನಿಮ್ಮ ಎಡಗೈ ಕಿರುಬೆರಳಿಗೂ ಯಾರೋ ಮಸಿ ಹಚ್ಚಿರುತ್ತಾರೆ, ಅಮ್ಮನನ್ನು ಕೇಳಿ. ಹನಿ ಹಾಕಿದವರು ಬಾಗಿಲು ಹಾಕಿದ್ದ ಮನೆಗೆ ಮಾರನೇ ದಿನ ಮತ್ತೆ ಹೋಗುತ್ತಿದ್ದರು.

ಡೆಂಗ್ಯೂ ಬಗ್ಗೆ ಒಂದೇ ಮಾತು. ಈ ಸೊಳ್ಳೆ ಹಗಲು ಕಚ್ಚುತ್ತೆ, ಮೊಟ್ಟೆಯಿಂದ ಸೊಳ್ಳೆಯಾಗೋಕೆ ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ಹಿತ್ತಿಲಲ್ಲಿ ಬಿದ್ದ ಚಿಪ್ಪು, ಟೈರು, ಹಳೇ ಒರಳು ಕಲ್ಲು ವಾರಕ್ಕೊಮ್ಮೆ ಬೋರಲು ಹಾಕಿ. ಇದಕ್ಕೆ ಕ್ಲಬ್ಬೂ ಬೇಡ, ನಾನೂ ಬೇಡ.

ಕೊನೆಯದು ಶನಿವಾರ ಸಂಜೆಯ ಗಣಿತ ಪಾಠ, ಹಾಸ್ಟೆಲ್ಲಿನ ಎಸ್ಸೆಸ್ಸೆಲ್ಸಿ ಮಕ್ಕಳಿಗೆ. ಹಿಂದೆ ಇದನ್ನು ಶುರುಮಾಡಿ ಕೈಬಿಟ್ಟಿದ್ದೇವೆ. ಮೊದಲ ವಾರ ಪಾಠ ಹೇಳೋಕೆ ಒಂಬತ್ತು ಜನ, ಎರಡನೇ ವಾರ ನಾಲ್ಕು. ಮೂರನೇ ವಾರ ಯಾರೂ ಇಲ್ಲ. ನಾನು ಏಳು ಗಂಟೆಗೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಮಕ್ಕಳು ಮೆಟ್ಟಿಲ ಮೇಲೆ ನೋಟ್ ಬುಕ್ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಐದೂವರೆಯಿಂದ. ಒಬ್ಬ ಕೇಳಿದ, "ಸಾರ್, ಇವತ್ತು ನೀವಾ?" ನನಗೆ ತ್ರಿಕೋನಮಿತಿ ಬರುತ್ತಾ! ಬಡ್ಡಿ ಲೆಕ್ಕ ಬರುತ್ತೆ, ಅದನ್ನೇ ಹೇಳಿಕೊಟ್ಟೆ.

ಹಿಂದಿನ ಬಾಗಿಲ ಹತ್ತಿರ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇನೆ. ಹೆಸರು, ಫೋನ್ ನಂಬರ್ ಬರೆಯಿರಿ. ಮೂರನೇ ಕಾಲಂ ಇದೆ ನೋಡಿ, ಯಾವ ವಾರ, ಎಷ್ಟು ಗಂಟೆಗೆ ಅಂತ. ಅದನ್ನು ಖಾಲಿ ಬಿಡೋದಾದರೆ ಹೆಸರೂ ಬರೆಯಬೇಡಿ, ನನಗೇನೂ ಬೇಜಾರಿಲ್ಲ. ತಿಂಗಳಿಗೆ ಒಂದೇ ಶನಿವಾರ ಆದರೂ ಸರಿ, ಅದನ್ನೇ ಬರೆಯಿರಿ. ಪೆನ್ನಿಗೆ ದಾರ ಕಟ್ಟಿದ್ದೇನೆ, ಅಂಗಡಿಯವನ ಬುದ್ಧಿ. ಟೀ ಬಂತು ಅನ್ನಿಸುತ್ತೆ, ಏಳಿ.